ವಿದೇಶದಲ್ಲಿ ಮಕ್ಕಳ ಶಾಲೆ: ಹೊರಟು ಬರುವ ದಿನದಿಂದ ಹಿಂದಕ್ಕೆ ಎಣಿಸಿ

ಪ್ರಶ್ನೆ: ಕಂಪನಿ ಕೆಲಸದ ಮೇಲೆ ಬರುವ ಆಗಸ್ಟ್‌ನಲ್ಲಿ ಕುಟುಂಬ ಸಮೇತ ಹೊರದೇಶಕ್ಕೆ ಹೋಗುತ್ತಿದ್ದೇವೆ. ಒಪ್ಪಂದ ಮೂರು ವರ್ಷದ್ದು. ಮಗನಿಗೆ 14 ವರ್ಷ, ಎಂಟನೇ ತರಗತಿ ಮುಗಿಸುತ್ತಿದ್ದಾನೆ, ಗಣಿತ ಮತ್ತು ಭೌತಶಾಸ್ತ್ರ ಇಷ್ಟ. ಮಗಳಿಗೆ ಆರು ವರ್ಷ, ಇಂಗ್ಲಿಷ್ ಇನ್ನೂ ಅಷ್ಟಕ್ಕಷ್ಟೇ. ಹೋಗುವ ಊರಿನಲ್ಲಿ ಮೂರು ಇಂಟರ್‌ನ್ಯಾಷನಲ್ ಶಾಲೆ ನೋಡಿಟ್ಟಿದ್ದೇವೆ: ಒಂದರಲ್ಲಿ ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೊರಿಯೇಟ್), ಇನ್ನೊಂದರಲ್ಲಿ ಬ್ರಿಟಿಷ್ ಪಠ್ಯಕ್ರಮ, ಮತ್ತೊಂದರಲ್ಲಿ ಅಮೆರಿಕನ್. ವೆಬ್‌ಸೈಟ್ ನೋಡಿದರೆ ಮೂರೂ ಒಂದೇ ಥರ ಕಾಣುತ್ತವೆ. ಏನು ನೋಡಿ ಆರಿಸಬೇಕು?

ಉತ್ತರ: ನಿಮ್ಮ ಪತ್ರದ ಅತಿ ಮುಖ್ಯ ಮಾತು ಶಾಲೆಗೆ ಸಂಬಂಧಿಸಿದ್ದಲ್ಲ. ‘ಒಪ್ಪಂದ ಮೂರು ವರ್ಷದ್ದು’ ಎಂದು ಬರೆದಿದ್ದೀರಲ್ಲ, ಅದು.

ಬೆರಳು ಮಡಚಿ ಎಣಿಸಿ ನೋಡಿ. ಮಗ ಈ ಆಗಸ್ಟ್‌ನಲ್ಲಿ ಸೇರುವುದು ಒಂಬತ್ತನೇ ತರಗತಿಗೆ. ಎರಡನೇ ವರ್ಷ ಹತ್ತು, ಮೂರನೇ ವರ್ಷ ಹನ್ನೊಂದು. ನೀವು ಗಂಟುಮೂಟೆ ಕಟ್ಟುವ ಹೊತ್ತಿಗೆ ಅವನು ಹನ್ನೊಂದು ಮುಗಿಸಿ ಹನ್ನೆರಡರ ಹೊಸ್ತಿಲಲ್ಲಿ ನಿಂತಿರುತ್ತಾನೆ. ಐಬಿಯ ಕೊನೆಯ ಹಂತವಾದ ಡಿಪ್ಲೊಮಾ ಆಗಲಿ, ಬ್ರಿಟಿಷ್ ಪಠ್ಯಕ್ರಮದ ಕೊನೆಯ ಹಂತವಾದ ಎ ಲೆವೆಲ್ ಆಗಲಿ, ಈ ಕೊನೆಯ ಎರಡು ವರ್ಷ ಸೇರಿ ಒಂದೇ ಕೋರ್ಸು. ಶಾಲೆ ಬದಲಿಸಲು ಅದರ ನಟ್ಟನಡುವಿಗಿಂತ ಕೆಟ್ಟ ಸಮಯ ಇನ್ನೊಂದಿಲ್ಲ. ಹೆಚ್ಚಿನ ಪೋಷಕರು ಹೋಗಿ ಇಳಿಯುವ ದಿನವನ್ನೇ ಕಣ್ಣ ಮುಂದಿಟ್ಟುಕೊಂಡು ಶಾಲೆ ಹುಡುಕುತ್ತಾರೆ, ಸೀಟು ಸಿಕ್ಕರೆ ಸಾಕು ಎನಿಸುತ್ತದೆ. ಅದರ ಪೆಟ್ಟು ಬೀಳುವುದು ಮೂರು ವರ್ಷದ ಮೇಲೆ. ಆದ್ದರಿಂದ ಹೊರಟು ಬರುವ ದಿನದಿಂದ ಹಿಂದಕ್ಕೆ ಎಣಿಸಿಕೊಂಡು ಬನ್ನಿ. ದೊಡ್ಡವನ ವಿಷಯದಲ್ಲಿ ತೀರ್ಮಾನ ಹೇಳುವುದು ಕ್ಯಾಲೆಂಡರ್. ಚಿಕ್ಕವಳ ವಿಷಯದಲ್ಲಿ ಭಾಷೆ ಮತ್ತು ಟೀಚರ್.

ಮೂರು ಪಠ್ಯಕ್ರಮ, ನಿಮ್ಮ ಮಗನ ಮೂರು ವರ್ಷ

ಬ್ರಿಟಿಷ್ ಶಾಲೆಯಲ್ಲಿ ತರಗತಿಯ ಲೆಕ್ಕ ಒಂದು ಹೆಚ್ಚು. ಬೇರೆಡೆ ಒಂಬತ್ತು ಎನ್ನುವುದು ಅಲ್ಲಿ ಇಯರ್ 10. ಇಯರ್ 10 ಮತ್ತು 11 ಸೇರಿ ಐಜಿಸಿಎಸ್‌ಇ. 1988ರಲ್ಲಿ ಕೇಂಬ್ರಿಡ್ಜ್ ಆರಂಭಿಸಿದ ಈ ಪರೀಕ್ಷೆಯನ್ನು ಈಗ ಪಿಯರ್ಸನ್ ಎಡೆಕ್ಸೆಲ್ ಬೋರ್ಡ್ ಕೂಡ ನಡೆಸುತ್ತದೆ. ನಿಮ್ಮ ಮಗ ಇಯರ್ 10ರ ಮೊದಲ ದಿನವೇ ಸೇರಿಕೊಳ್ಳುತ್ತಾನೆ, ಅಂದರೆ ಪ್ರವೇಶಕ್ಕೆ ಇದಕ್ಕಿಂತ ಒಳ್ಳೆಯ ಸಮಯವಿಲ್ಲ. ಎರಡು ವರ್ಷಕ್ಕೆ ಹೊರಗಿನ ಬೋರ್ಡ್ ಕೊಟ್ಟ ಪ್ರಮಾಣಪತ್ರ ಕೈಗೆ ಬರುತ್ತದೆ. ಮೂರನೇ ವರ್ಷ ಇಯರ್ 12. ಆ ವರ್ಷದ ಕೊನೆಗೆ ಎಎಸ್ ಲೆವೆಲ್ ಎಂಬ ಪ್ರತ್ಯೇಕ ಪರೀಕ್ಷೆ ಬರೆಯಲು ಅವಕಾಶವಿದೆ, ಆದರೆ ಎಲ್ಲ ಶಾಲೆಗಳೂ ಬರೆಸುವುದಿಲ್ಲ. ಕೆಲವು ಶಾಲೆಗಳು ಎಲ್ಲ ಪೇಪರನ್ನೂ ಇಯರ್ 13ರ ಕೊನೆಗೆ ಇಟ್ಟುಕೊಂಡಿರುತ್ತವೆ. ಹಾಗಿದ್ದಲ್ಲಿ ಮೂರನೇ ವರ್ಷದ ಓದಿಗೆ ಶಾಲೆಯ ರಿಪೋರ್ಟ್ ಕಾರ್ಡ್ ಬಿಟ್ಟರೆ ಬೇರೆ ದಾಖಲೆ ಉಳಿಯದು. ಶಾಲೆಗೆ ಬರೆಯುವಾಗ ಇದನ್ನು ನೇರವಾಗಿ ಕೇಳಿ: ಇಯರ್ 12ರ ಕೊನೆಗೆ ಎಎಸ್ ಬರೆಸುತ್ತೀರಾ, ಯಾವ ಯಾವ ವಿಷಯಕ್ಕೆ, ಯಾವ ಬೋರ್ಡಿನಲ್ಲಿ?

ಐಬಿ ಶಾಲೆಯಲ್ಲಿ ಒಂಬತ್ತು ಮತ್ತು ಹತ್ತು ಎಂದರೆ ಐಬಿಯ ಮಧ್ಯಮ ಹಂತವಾದ ಎಂವೈಪಿಯ ನಾಲ್ಕನೇ ಮತ್ತು ಐದನೇ ವರ್ಷ. ಬೋಧನೆ ಒಳ್ಳೆಯದಿದ್ದರೆ ಮಗು ಪ್ರಶ್ನೆ ಕೇಳುವುದನ್ನೂ ತಾನೇ ಬರೆಯುವುದನ್ನೂ ಚೆನ್ನಾಗಿ ಕಲಿಯುತ್ತದೆ. ಹಲವರಿಗೆ ಗೊತ್ತಿಲ್ಲದ ಸಂಗತಿ ಒಂದಿದೆ. ಎಂವೈಪಿ ಕೊನೆಯಲ್ಲಿ ಐಬಿ ನಡೆಸುವ ಹೊರಗಿನ ಪರೀಕ್ಷೆ ಐಚ್ಛಿಕ. ಶಾಲೆ ಅದನ್ನು ತೆಗೆದುಕೊಳ್ಳದಿದ್ದರೆ ಹತ್ತನೇ ತರಗತಿಗೆ ಬೋರ್ಡ್ ಪರೀಕ್ಷೆಯ ಅಂಕಪಟ್ಟಿಯೇ ಇರುವುದಿಲ್ಲ. ಮುಂದೆ ನೀವು ಹೋಗುವ ದೇಶದ ಕಾಲೇಜೋ ನೌಕರಿಯೋ ‘ಹತ್ತನೇ ತರಗತಿಯ ಪ್ರಮಾಣಪತ್ರ’ ಕೇಳುವಂಥದ್ದಾದರೆ ಆಗ ಕಚೇರಿಯಿಂದ ಕಚೇರಿಗೆ ಅಲೆದಾಟ. ಆಮೇಲೆ ಹನ್ನೊಂದನೇ ತರಗತಿಗೆ ಡಿಪ್ಲೊಮಾ. ಆರು ವಿಷಯ, ಅದರಲ್ಲಿ ಕನಿಷ್ಠ ಮೂರು ಹೈಯರ್ ಲೆವೆಲ್. ಹೈಯರ್ ಲೆವೆಲ್ ವಿಷಯಕ್ಕೆ 240 ಗಂಟೆ, ಸ್ಟ್ಯಾಂಡರ್ಡ್ ಲೆವೆಲ್ ವಿಷಯಕ್ಕೆ 150 ಗಂಟೆ ಪಾಠ ಆಗಬೇಕೆಂದು ಐಬಿ ಹೇಳುತ್ತದೆ. ಇದರ ಜೊತೆಗೆ 4,000 ಪದಗಳವರೆಗಿನ ಎಕ್ಸ್‌ಟೆಂಡೆಡ್ ಎಸ್ಸೆ, ಥಿಯರಿ ಆಫ್ ನಾಲೆಜ್, ಸಿಎಎಸ್ (ಸೃಜನಶೀಲತೆ, ದೈಹಿಕ ಚಟುವಟಿಕೆ, ಸೇವೆ). ಒಟ್ಟು 45 ಅಂಕ, ತೇರ್ಗಡೆಗೆ ಕನಿಷ್ಠ 24.

‘ಒಂದು ಐಬಿ ಶಾಲೆಯಿಂದ ಇನ್ನೊಂದು ಐಬಿ ಶಾಲೆಗೆ ಹೋದರಾಯಿತು, ಪಠ್ಯಕ್ರಮ ಒಂದೇ ತಾನೆ?’ ಎಂದು ಶಾಲೆಯವರೇ ಧೈರ್ಯ ಹೇಳುವುದುಂಟು. ಹತ್ತನೇ ತರಗತಿವರೆಗೆ ಈ ಮಾತು ಸುಮಾರಾಗಿ ನಿಜ. ಡಿಪ್ಲೊಮಾದ ನಡುವೆ ನಿಜವಲ್ಲ. ಹೊಸ ಶಾಲೆಯಲ್ಲಿ ಅದೇ ಆರು ವಿಷಯ ಅದೇ ಲೆವೆಲ್‌ನಲ್ಲಿ ಇರಬೇಕು. ಸಾಹಿತ್ಯಕ್ಕೆ ಒಂದೊಂದು ಶಾಲೆ ಒಂದೊಂದು ಕೃತಿ ಆರಿಸಿಕೊಂಡಿರುತ್ತದೆ. ರಸಾಯನಶಾಸ್ತ್ರದಲ್ಲಿ ಇಲ್ಲಿ ಮೊದಲು ಮಾಡಿದ ಅಧ್ಯಾಯವನ್ನು ಅಲ್ಲಿ ಕೊನೆಗೆ ಇಟ್ಟಿರುತ್ತಾರೆ, ಹೀಗಾಗಿ ಮಗು ಒಂದು ಅಧ್ಯಾಯವನ್ನು ಎರಡು ಸಲ ಕೇಳಿ ಇನ್ನೊಂದನ್ನು ಕೇಳದೆಯೇ ಪರೀಕ್ಷೆಗೆ ಕೂರುತ್ತದೆ. ಎಸ್ಸೆಗೆ ಮಾರ್ಗದರ್ಶನ ಮಾಡುತ್ತಿದ್ದ ಟೀಚರ್ ಹಿಂದೆಯೇ ಉಳಿದುಬಿಡುತ್ತಾರೆ. ಇನ್ನೂ ಒಂದಿದೆ: ಹೆಚ್ಚಿನ ಐಬಿ ಶಾಲೆಗಳು ಮೇ ತಿಂಗಳಲ್ಲಿ ಪರೀಕ್ಷೆ ಬರೆಸುತ್ತವೆ, ದಕ್ಷಿಣ ಗೋಳಾರ್ಧದ ಹಲವು ಶಾಲೆಗಳು ನವೆಂಬರ್‌ನಲ್ಲಿ. ಒಂದರಿಂದ ಇನ್ನೊಂದಕ್ಕೆ ಹೋದರೆ ಆರು ತಿಂಗಳು ಹೆಚ್ಚೋ ಕಡಿಮೆಯೋ ಆಗುತ್ತದೆ.

ಅಮೆರಿಕನ್ ಶಾಲೆಯಲ್ಲಿ ಒಂಬತ್ತರಿಂದ ಹನ್ನೆರಡರವರೆಗೆ ನಾಲ್ಕು ವರ್ಷ ಹೈಸ್ಕೂಲು. ಪ್ರತಿ ವರ್ಷ ಪ್ರತಿ ವಿಷಯಕ್ಕೆ ಕ್ರೆಡಿಟ್, ಅದರ ಗ್ರೇಡು ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ದಾಖಲು. ವರ್ಷ ವರ್ಷಕ್ಕೆ ಲೆಕ್ಕ ಮುಗಿಯುವುದರಿಂದ ಹನ್ನೊಂದರ ನಂತರ ಇನ್ನೊಂದು ಅಮೆರಿಕನ್ ಶಾಲೆಗೆ ಹೋಗುವುದು ಮೂರರಲ್ಲೂ ಸಲೀಸು. ಹನ್ನೊಂದರ ಮೇ ತಿಂಗಳಲ್ಲಿ ಎಪಿ ಎಂಬ ಕಾಲೇಜು ಮಟ್ಟದ ಪರೀಕ್ಷೆ ಬರೆದರೆ 1ರಿಂದ 5ರ ಅಳತೆಯ ಹೊರಗಿನ ಅಂಕವೂ ಕೈಯಲ್ಲಿರುತ್ತದೆ. ಎರಡು ಎಚ್ಚರಿಕೆ ಮಾತ್ರ. ಒಂಬತ್ತನೇ ತರಗತಿಯ ಗ್ರೇಡಿನಿಂದಲೇ ಜಿಪಿಎ (ಎಲ್ಲ ಗ್ರೇಡುಗಳ ಸರಾಸರಿ) ಲೆಕ್ಕ ಶುರು, ಹೊಸ ಊರಿಗೆ ಹೊಂದಿಕೊಳ್ಳಲು ತಡವರಿಸಿದ ಮೊದಲ ಸೆಮಿಸ್ಟರೂ ಅದರಲ್ಲಿ ಸೇರಿಬಿಡುತ್ತದೆ. ಮತ್ತೆ, ಅಮೆರಿಕದ ಹೊರಗಿನ ಹಲವು ವಿಶ್ವವಿದ್ಯಾಲಯಗಳಿಗೆ ಹೈಸ್ಕೂಲ್ ಡಿಪ್ಲೊಮಾ ಒಂದೇ ಸಾಲದು, ಎಪಿ ಅಂಕಗಳನ್ನೂ ಕೇಳುತ್ತವೆ.

ಇಷ್ಟು ನೋಡಿದ ಮೇಲೆ ನನ್ನ ಸಲಹೆ ಹೀಗಿದೆ. ಶಾಲೆಗೆ ಅರ್ಜಿ ಹಾಕುವ ಮೊದಲು ಕಂಪನಿಯೊಂದಿಗೆ ಮಾತಾಡಿ. ನಾಲ್ಕನೇ ವರ್ಷ ಉಳಿಯಲು ಅವಕಾಶವನ್ನೋ, ಅದಾಗದಿದ್ದರೆ ಮಗನ ಹನ್ನೆರಡನೇ ತರಗತಿ ಮುಗಿಯುವವರೆಗೆ ಫೀಸು ಮತ್ತು ಒಬ್ಬ ಪೋಷಕರ ವಾಸದ ಖರ್ಚನ್ನೋ ಈಗಲೇ ಬರವಣಿಗೆಯಲ್ಲಿ ಕೇಳಿ. ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಕೇಳಿದರೆ ಸಿಗುವ ಸಾಧ್ಯತೆ ಇದೆ, ಮೂರನೇ ವರ್ಷ ಕೇಳಿದರೆ ಕಷ್ಟ. ನಾಲ್ಕು ವರ್ಷ ಖಚಿತವಾದರೆ ಐಬಿ ಅಥವಾ ಬ್ರಿಟಿಷ್, ಎರಡರಲ್ಲಿ ಒಳ್ಳೆಯ ಟೀಚರ್‌ಗಳಿರುವ ಶಾಲೆ ಯಾವುದೋ ಅದಕ್ಕೆ ಸೇರಿಸಿ. ಮೂರೇ ವರ್ಷ ಎಂದಾದರೆ ಬ್ರಿಟಿಷ್ ಶಾಲೆಯಲ್ಲಿ ಐಜಿಸಿಎಸ್‌ಇ ಮುಗಿಸಿ, ಎರಡನೇ ವರ್ಷದ ಕೊನೆಗೆ ಅವನೊಬ್ಬನನ್ನು ಮುಂದಿನ ಎರಡು ವರ್ಷ ಓದುವ ಜಾಗಕ್ಕೆ ಮೊದಲೇ ಸೇರಿಸುವುದು ಜಾಣತನ. ಒಂದು ವರ್ಷ ಮನೆಯವರಿಂದ ದೂರ ಇರುವುದು ಕಷ್ಟವೇ. ಆದರೂ ಹನ್ನೆರಡನೇ ತರಗತಿಗೆ ಹೊಸ ಶಾಲೆ, ಹೊಸ ಬೋರ್ಡು, ಹೊಸ ಸ್ನೇಹಿತರು ಎಲ್ಲ ಒಟ್ಟಿಗೆ ಬಂದು ಬೀಳುವುದಕ್ಕಿಂತ ಅದು ಮೇಲು.

ವಿಷಯಗಳ ಪಟ್ಟಿ ಕೈಗೆ ಬರದೆ ಹಣ ಕಟ್ಟಬೇಡಿ

ಎಲ್ಲ ವಿಷಯವೂ ಇದೆ ಎಂದು ವೆಬ್‌ಸೈಟ್ ಹೇಳುತ್ತದೆ. ನಿಮಗೆ ಬೇಕಿರುವುದು ಆಪ್ಷನ್ ಬ್ಲಾಕ್ ಎಂಬ ಒಂದು ಪುಟದ ಕೋಷ್ಟಕ. ಅದರಲ್ಲಿ ವಿಷಯಗಳನ್ನು ನಾಲ್ಕೈದು ಕಂಬಸಾಲಾಗಿ ಹಾಕಿರುತ್ತಾರೆ, ಒಂದು ಸಾಲಿನಿಂದ ಒಂದೇ ವಿಷಯ ಆರಿಸಬಹುದು. ಭೌತಶಾಸ್ತ್ರ ಮತ್ತು ಕಂಪ್ಯೂಟರ್ ಸೈನ್ಸ್ ಎರಡೂ ಬಿ ಸಾಲಿನಲ್ಲಿದ್ದರೆ ಎರಡರಲ್ಲಿ ಒಂದನ್ನು ಬಿಡಲೇಬೇಕು, ಏಕೆಂದರೆ ಎರಡೂ ತರಗತಿ ಒಂದೇ ಹೊತ್ತಿಗೆ ನಡೆಯುತ್ತವೆ. ಚಿಕ್ಕ ಶಾಲೆಗಳಲ್ಲಿ ಇನ್ನೊಂದು ತೊಡಕು: ಇಂತಿಷ್ಟು ಮಕ್ಕಳು ಸೇರದಿದ್ದರೆ ಆ ವಿಷಯ ಆ ವರ್ಷ ಇಲ್ಲ. ಕಳೆದ ವರ್ಷ ನಿಜಕ್ಕೂ ನಡೆದ ತರಗತಿಗಳ ಪಟ್ಟಿಯನ್ನು, ಒಂದೊಂದರಲ್ಲಿ ಎಷ್ಟು ಮಕ್ಕಳಿದ್ದರು ಎಂಬ ಸಂಖ್ಯೆಯ ಸಮೇತ ಕೇಳಿ ತರಿಸಿಕೊಳ್ಳಿ.

ನಿಮ್ಮ ಮಗನ ಆಸಕ್ತಿ ಗಣಿತ ಮತ್ತು ಭೌತಶಾಸ್ತ್ರ ಎಂದಿರಿ. ಐಜಿಸಿಎಸ್‌ಇಯಲ್ಲಿ ಅವನಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ ಬೇರೆ ಬೇರೆ ವಿಷಯಗಳಾಗಿ ಸಿಗುತ್ತವೆಯೇ, ಮೂರೂ ವಿಜ್ಞಾನ ಬೆರೆಸಿದ ಕೋಆರ್ಡಿನೇಟೆಡ್ ಸೈನ್ಸ್ ಮಾತ್ರವೇ ಎಂದು ನೋಡಿ. ಗಣಿತದಲ್ಲಿ ಕೋರ್ ಮತ್ತು ಎಕ್ಸ್‌ಟೆಂಡೆಡ್ ಎಂದು ಎರಡು ಹಂತ. ಕೇಂಬ್ರಿಡ್ಜ್‌ನ ಕೋರ್ ಹಂತದಲ್ಲಿ ಎಷ್ಟೇ ಚೆನ್ನಾಗಿ ಬರೆದರೂ ಸಿ ಗ್ರೇಡಿಗಿಂತ ಮೇಲೆ ಸಿಗದು. ಹೊಸದಾಗಿ ಬಂದ ಮಗುವನ್ನು, ಇಂಗ್ಲಿಷ್ ಸ್ವಲ್ಪ ತೊಡರುತ್ತದೆ ಎಂಬ ಕಾರಣಕ್ಕೆ, ಗಣಿತದಲ್ಲೂ ಕೋರ್‌ಗೆ ಹಾಕಿಬಿಡುವ ಶಾಲೆಗಳಿವೆ. ಹಾಗಾಗದಂತೆ ಮೊದಲ ತಿಂಗಳಲ್ಲೇ ಗಣಿತದ ಟೀಚರನ್ನು ಭೇಟಿಯಾಗಿ ಅವನ ಹಳೆಯ ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ತೋರಿಸಿ. ಅಡಿಷನಲ್ ಮ್ಯಾಥಮ್ಯಾಟಿಕ್ಸ್ ಎಂಬ ಪ್ರತ್ಯೇಕ ವಿಷಯ ಶಾಲೆಯಲ್ಲಿದ್ದರೆ ಅವನಂಥವನಿಗೆ ಅದು ತಕ್ಕದ್ದು.

ಐಬಿ ಡಿಪ್ಲೊಮಾದಲ್ಲಿ ಗಣಿತ ಎರಡು ದಾರಿಯಾಗಿ ಒಡೆದಿದೆ: ಅನಾಲಿಸಿಸ್ ಆ್ಯಂಡ್ ಅಪ್ರೋಚಸ್ ಒಂದು, ಅಪ್ಲಿಕೇಷನ್ಸ್ ಆ್ಯಂಡ್ ಇಂಟರ್‌ಪ್ರಿಟೇಷನ್ ಇನ್ನೊಂದು. ಇಂಜಿನಿಯರಿಂಗ್, ಭೌತಶಾಸ್ತ್ರದಂಥ ಕೋರ್ಸುಗಳಿಗೆ ಹಲವು ವಿಶ್ವವಿದ್ಯಾಲಯಗಳು ಕೇಳುವುದು ಮೊದಲನೆಯದರ ಹೈಯರ್ ಲೆವೆಲ್. ಅದು ಆ ಶಾಲೆಯಲ್ಲಿ ಪ್ರತಿ ವರ್ಷ ನಡೆಯುತ್ತದೆಯೇ ಎಂಬ ಒಂದು ಪ್ರಶ್ನೆಗೆ ಬರುವ ಉತ್ತರ, ಕ್ಯಾಂಪಸ್‌ನ ಈಜುಕೊಳದ ಹತ್ತು ಚಿತ್ರಗಳಿಗಿಂತ ಹೆಚ್ಚು ತಿಳಿಸುತ್ತದೆ.

ಶಾಲೆ ಹೇಳಿದ್ದನ್ನು ಪರೀಕ್ಷಿಸಿ

‘ಇಂಟರ್‌ನ್ಯಾಷನಲ್’ ಎಂಬ ಪದವನ್ನು ಹೆಸರಿಗೆ ಅಂಟಿಸಿಕೊಳ್ಳಲು ಹಲವು ದೇಶಗಳಲ್ಲಿ ಯಾರ ಅಪ್ಪಣೆಯೂ ಬೇಕಿಲ್ಲ. ನೋಡಬೇಕಾದ್ದು ಮೂರು ಕಾಗದ. ಮೊದಲನೆಯದು ಆ ದೇಶದ ಸರ್ಕಾರ ಕೊಟ್ಟ ಪರವಾನಗಿ. ಎರಡನೆಯದು ಪಠ್ಯಕ್ರಮದ ಮಾನ್ಯತೆ. 1968ರಲ್ಲಿ ಜಿನೀವಾದಲ್ಲಿ ಹುಟ್ಟಿದ ಐಬಿ ಸಂಸ್ಥೆಯ ವೆಬ್‌ಸೈಟ್‌ನಲ್ಲೇ ಶಾಲೆಯ ಹೆಸರು ಹಾಕಿ ಹುಡುಕಬಹುದು. ಅಲ್ಲಿ ಪಿವೈಪಿ (ಪ್ರಾಥಮಿಕ ಹಂತ), ಎಂವೈಪಿ, ಡಿಪ್ಲೊಮಾ ಒಂದೊಂದಕ್ಕೂ ಪ್ರತ್ಯೇಕ ಅನುಮತಿ ನಮೂದಾಗಿರುತ್ತದೆ. ‘ಕ್ಯಾಂಡಿಡೇಟ್ ಸ್ಕೂಲ್’ ಎಂದರೆ ಅನುಮತಿಗೆ ಅರ್ಜಿ ಹಾಕಿ ಕಾಯುತ್ತಿರುವ ಶಾಲೆ, ಅನುಮತಿ ಸಿಕ್ಕ ಶಾಲೆಯಲ್ಲ. ಚಿಕ್ಕ ಮಗುವಿಗೆ ಇದರಿಂದ ದೊಡ್ಡ ನಷ್ಟವಿಲ್ಲ, ಡಿಪ್ಲೊಮಾಕ್ಕೆ ಹೋಗುವ ಮಗುವಿಗೆ ಇದೆ. ಬ್ರಿಟಿಷ್ ಶಾಲೆಯಾದರೆ ಯಾವ ಬೋರ್ಡಿನ ನೋಂದಾಯಿತ ಪರೀಕ್ಷಾ ಕೇಂದ್ರ, ಅದರ ಸೆಂಟರ್ ನಂಬರ್ ಏನು ಎಂದು ಕೇಳಿ.

ಮೂರನೆಯದು ಇಡೀ ಶಾಲೆಯನ್ನು ಹೊರಗಿನವರು ಬಂದು ನೋಡಿ ಕೊಡುವ ಅಕ್ರೆಡಿಟೇಷನ್. ಕೌನ್ಸಿಲ್ ಆಫ್ ಇಂಟರ್‌ನ್ಯಾಷನಲ್ ಸ್ಕೂಲ್ಸ್, ಅಮೆರಿಕದ ನೀಯಾಸ್ಕ್ ಮತ್ತು ವಾಸ್ಕ್, ಬ್ರಿಟನ್ ಸರ್ಕಾರದ ಬ್ರಿಟಿಷ್ ಸ್ಕೂಲ್ಸ್ ಓವರ್‌ಸೀಸ್ ತಪಾಸಣೆ ಇವು ಗೊತ್ತಿರುವ ಹೆಸರುಗಳು. ಮಕ್ಕಳ ಸುರಕ್ಷತೆ, ಟೀಚರ್‌ಗಳ ಅರ್ಹತೆ, ಆಡಳಿತ, ಹಣಕಾಸು ಎಲ್ಲ ಇದರಲ್ಲಿ ಬರುತ್ತದೆ. ‘ಮೆಂಬರ್’ ಎಂಬ ಮಾತಿಗೂ ‘ಅಕ್ರೆಡಿಟೆಡ್’ ಎಂಬ ಮಾತಿಗೂ ಅಜಗಜಾಂತರ. ಚಂದಾ ಕಟ್ಟಿ ಸದಸ್ಯರಾಗಬಹುದು, ಅಕ್ರೆಡಿಟೇಷನ್ ಹಾಗೆ ಸಿಗುವುದಿಲ್ಲ. ಪುಟದ ಕೆಳಗಿನ ಲೋಗೋ ನೋಡಿ ಸಮಾಧಾನಪಡದೆ, ಕೊಟ್ಟ ಸಂಸ್ಥೆಯ ಪಟ್ಟಿಯಲ್ಲಿ ಹೆಸರಿದೆಯೇ ನೋಡಿ. ತಪಾಸಣೆಯ ವರದಿ ಸಿಕ್ಕರೆ ಹೊಗಳಿಕೆಯ ಪುಟ ಬಿಟ್ಟು ‘ಸುಧಾರಿಸಬೇಕಾದ ಅಂಶಗಳು’ ಎಂಬ ಭಾಗ ತೆರೆಯಿರಿ. ದುಬೈನಂಥ ಕಡೆ ಖಾಸಗಿ ಶಾಲೆಗಳ ತಪಾಸಣಾ ವರದಿಗಳನ್ನು ಸರ್ಕಾರಿ ಸಂಸ್ಥೆ ಕೆಎಚ್‌ಡಿಎ ಸಾರ್ವಜನಿಕವಾಗಿ ಪ್ರಕಟಿಸಿದೆ. ಅಂಥ ವ್ಯವಸ್ಥೆ ಇರುವ ಊರಿಗೆ ಹೋಗುವವರು ಒಂದು ಸಂಜೆ ಕೂತು ಓದಲೇಬೇಕು.

ಪರೀಕ್ಷಾ ಫಲಿತಾಂಶದ ಸರಾಸರಿಯನ್ನು ಮಾತ್ರ ನಂಬಬೇಡಿ. ಐಬಿ ಡಿಪ್ಲೊಮಾದ ಜಾಗತಿಕ ಸರಾಸರಿ ಸುಮಾರು 30 ಅಂಕ. ಒಂದು ಶಾಲೆ 36 ಎಂದು ಬರೆದುಕೊಂಡಿದ್ದರೆ ಸಂತೋಷ, ಆದರೆ ಹನ್ನೊಂದನೇ ತರಗತಿಗೆ ಎಷ್ಟು ಮಕ್ಕಳು ಸೇರಿದ್ದರು, ಕೊನೆಗೆ ಪೂರ್ತಿ ಡಿಪ್ಲೊಮಾ ಬರೆದವರು ಎಷ್ಟು ಎಂದು ಕೇಳಿ. ಹಿಂದುಳಿದ ಮಕ್ಕಳನ್ನು ಡಿಪ್ಲೊಮಾದಿಂದ ಬಿಡಿ ಕೋರ್ಸುಗಳಿಗೆ ಇಳಿಸಿದರೆ ಸರಾಸರಿ ತಾನಾಗಿ ಏರುತ್ತದೆ. ನಲವತ್ತು ಜನ ಸೇರಿ ಇಪ್ಪತ್ತೆರಡು ಜನ ಬರೆದ 36ಕ್ಕಿಂತ, ನಲವತ್ತು ಸೇರಿ ಮೂವತ್ತೆಂಟು ಬರೆದ 32 ನನಗೆ ಹೆಚ್ಚು ಗೌರವದ ಅಂಕಿ.

ಆರು ವರ್ಷದ ಮಗಳು

ಅವಳಿಗೆ ಐಬಿಯೋ ಬ್ರಿಟಿಷೋ ಎಂಬುದು ದೊಡ್ಡ ವಿಷಯವಲ್ಲ. ತರಗತಿಯಲ್ಲಿ ನಡೆಯುವುದು ಅವಳಿಗೆ ಅರ್ಥವಾಗಬೇಕು, ಅಷ್ಟು ಮುಖ್ಯ. ಭಾಷಾ ಕಲಿಕೆಯ ತಜ್ಞ ಜಿಮ್ ಕಮಿನ್ಸ್ 1979ರಲ್ಲಿ ಎರಡು ಬಗೆಯ ಭಾಷೆಯನ್ನು ಬೇರ್ಪಡಿಸಿ ತೋರಿಸಿದರು. ಆಟದ ಮೈದಾನದ ಮಾತು ಸುಮಾರು ಎರಡು ವರ್ಷದಲ್ಲಿ ಬಂದುಬಿಡುತ್ತದೆ. ಪಾಠ ಓದಿ, ಅರ್ಥ ಮಾಡಿಕೊಂಡು, ಬರೆಯುವ ಭಾಷೆ ಆ ಭಾಷೆಯವರೇ ಆದ ಮಕ್ಕಳ ಮಟ್ಟಕ್ಕೆ ಬರಲು ಐದರಿಂದ ಏಳು ವರ್ಷ ಬೇಕು. ನಡೆಯುವ ತಪ್ಪು ಇಲ್ಲೇ. ಆರು ತಿಂಗಳಿಗೆ ಮಗು ಪಟಪಟನೆ ಮಾತಾಡುವುದನ್ನು ನೋಡಿ ಶಾಲೆಯವರು ಭಾಷಾ ನೆರವು ನಿಲ್ಲಿಸುತ್ತಾರೆ, ಮನೆಯವರೂ ಖುಷಿಪಡುತ್ತಾರೆ. ಮೂರನೇ ತರಗತಿಯಲ್ಲಿ ಗಣಿತದ ಮಾತಿನ ಲೆಕ್ಕ ಬಂದಾಗ ಮಗು ತಬ್ಬಿಬ್ಬಾಗುತ್ತದೆ, ‘ಗಣಿತದಲ್ಲಿ ಹಿಂದೆ’ ಎಂಬ ಹಣೆಪಟ್ಟಿ ಬೀಳುತ್ತದೆ. ಅಸಲಿಗೆ ಅದಕ್ಕೆ ಎಡವಾಗಿದ್ದು ಕೂಡುವುದು ಕಳೆಯುವುದಲ್ಲ, ‘ಎಷ್ಟು ಹೆಚ್ಚು’, ‘ತಲಾ’, ‘ಉಳಿದದ್ದು’ ಎಂಬ ಪದಗಳು.

ಇಂಗ್ಲಿಷ್ ಮನೆಮಾತಲ್ಲದ ಮಕ್ಕಳಿಗೆ ಕೊಡುವ ಈ ನೆರವನ್ನು ಶಾಲೆಗಳಲ್ಲಿ ಇಎಎಲ್ ಎನ್ನುತ್ತಾರೆ. ವಾರಕ್ಕೆ ಎಷ್ಟು ಪೀರಿಯಡ್, ತರಗತಿಯೊಳಗೇ ಬಂದು ಪಕ್ಕದಲ್ಲಿ ಕೂತು ಹೇಳಿಕೊಡುತ್ತಾರೋ ಹೊರಗೆ ಕರೆದೊಯ್ಯುತ್ತಾರೋ, ಹೊರಗೆ ಕರೆದೊಯ್ದರೆ ತಪ್ಪಿಹೋಗುವುದು ಯಾವ ಪೀರಿಯಡ್, ನೆರವು ನಿಲ್ಲಿಸುವುದು ಯಾವ ಅಳತೆಯ ಮೇಲೆ ಎಂದು ಕೇಳಿ. ವೀಡಾದಂಥ ಆರು ಹಂತದ ಅಳತೆಯಲ್ಲಿ ಓದು, ಬರಹ, ಕೇಳುವಿಕೆ, ಮಾತು ನಾಲ್ಕನ್ನೂ ಬೇರೆ ಬೇರೆಯಾಗಿ ನೋಡುವ ಶಾಲೆ ನಂಬಿಕೆಗೆ ಅರ್ಹ. ವಾರದ ಸಂಗೀತ, ಆಟದ ಪೀರಿಯಡ್‌ಗಳನ್ನೇ ಕಿತ್ತು ಇಂಗ್ಲಿಷ್ ಕಲಿಸುವ ಶಾಲೆ ಬೇಡ. ಮಾತು ಬಾರದ ಮಗು ಉಳಿದವರಿಗೆ ಸಮನಾಗಿ ನಿಲ್ಲುವುದು ಆ ಎರಡು ಪೀರಿಯಡ್‌ಗಳಲ್ಲೇ.

ಮನೆಯಲ್ಲಿ ಮನೆಮಾತನ್ನು ಬಿಟ್ಟು ಇಂಗ್ಲಿಷಿನಲ್ಲೇ ಮಾತಾಡಿ ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಮೊದಲ ಭಾಷೆ ಗಟ್ಟಿಯಾಗಿದ್ದ ಮಗುವಿಗೆ ಎರಡನೆಯದು ಸುಲಭ. ದಿನಾ ರಾತ್ರಿ ಹದಿನೈದು ನಿಮಿಷ ಮನೆಮಾತಿನ ಪುಸ್ತಕ ಓದಿ ಹೇಳಿ, ವಾರಕ್ಕೆರಡು ದಿನ ನಾಲ್ಕು ಸಾಲು ಬರೆಸಿ. ಇದರ ಫಲ ಮಗನಿಗೂ ಇದೆ. ಐಬಿ ಡಿಪ್ಲೊಮಾದಲ್ಲಿ ಶಾಲೆಯಲ್ಲಿ ಟೀಚರ್ ಇಲ್ಲದ ಮಾತೃಭಾಷೆಯ ಸಾಹಿತ್ಯವನ್ನೂ ಶಾಲೆಯ ಮೇಲ್ವಿಚಾರಣೆಯಲ್ಲಿ ತಾನೇ ಓದಿ ಸ್ಟ್ಯಾಂಡರ್ಡ್ ಲೆವೆಲ್‌ನಲ್ಲಿ ಬರೆಯುವ ಅವಕಾಶವಿದೆ. ನಿಮ್ಮ ಭಾಷೆಯಲ್ಲಿ ಆ ವರ್ಷ ಅವಕಾಶ ಸಿಗುತ್ತದೆಯೇ ಎಂದು ಡಿಪ್ಲೊಮಾ ಕೋಆರ್ಡಿನೇಟರನ್ನು ಒಂದು ವರ್ಷ ಮೊದಲೇ ಕೇಳಬೇಕು.

ವಯಸ್ಸಿನ ಲೆಕ್ಕವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಇಂಗ್ಲೆಂಡಿನ ಪದ್ಧತಿಯಲ್ಲಿ ಆಗಸ್ಟ್ 31 ಗೆರೆ. ಆ ದಿನಕ್ಕೆ ಆರು ತುಂಬಿದ್ದರೆ ಸೆಪ್ಟೆಂಬರ್‌ನಲ್ಲಿ ಇಯರ್ 2, ಅಲ್ಲಿನ ಮಕ್ಕಳು ಆಗಲೇ ಎರಡು ವರ್ಷ ಓದು ಬರಹ ಮಾಡಿರುತ್ತಾರೆ. ಮಗಳ ಹುಟ್ಟಿದ ದಿನ ಗೆರೆಯ ಆಸುಪಾಸಿನಲ್ಲಿದ್ದರೆ ಕೆಳಗಿನ ತರಗತಿಗೆ ಸೇರಿಸಲು ಒಪ್ಪುತ್ತೀರಾ ಎಂದು ಕೇಳಿ. ಒಂದು ವರ್ಷ ‘ಉಳಿಸಿದ’ ಹೆಮ್ಮೆಗಾಗಿ ಮೇಲಿನ ತರಗತಿಗೆ ತಳ್ಳಬೇಡಿ. ಅಕ್ಕಪಕ್ಕದ ಮಕ್ಕಳಿಗಿಂತ ಹತ್ತು ಹನ್ನೊಂದು ತಿಂಗಳು ಚಿಕ್ಕವಳಾಗಿ, ಭಾಷೆಯೂ ಬಾರದೆ ಕೂರುವುದು ಎಳೆಯ ಜೀವಕ್ಕೆ ಇಮ್ಮಡಿ ಹೊರೆ.

ಭೇಟಿ

ನೇರ ಹೋಗಲಾಗದಿದ್ದರೆ ವಿಡಿಯೊ ಕರೆಯಲ್ಲಿ ತೋರಿಸಲು ಹೇಳಿ, ಆದರೆ ಆಡಿಟೋರಿಯಂ ಬೇಡ. ನಿಮ್ಮ ಮಗಳ ತರಗತಿಯ ಮಗುವೊಂದರ ಬರೆಯುವ ನೋಟ್‌ಬುಕ್ ತೋರಿಸಿ ಎನ್ನಿ. ಹೆಸರು ಮುಚ್ಚಿ ತೋರಿಸಿದರೆ ಸಾಕು. ಆಗಸ್ಟ್‌ನ ಪುಟ, ಡಿಸೆಂಬರ್‌ನ ಪುಟ ಎರಡನ್ನೂ ಪಕ್ಕಪಕ್ಕ ನೋಡಿ: ಸಾಲುಗಳು ಉದ್ದವಾಗಿವೆಯೇ, ಟೀಚರ್ ಬರೆದ ಮಾತು ‘ಗುಡ್’ ಎಂಬ ಒಂದು ಪದವೋ, ‘ಇಲ್ಲಿ ಏಕೆ ಓಡಿದ ಎಂದೂ ಬರಿ’ ಎಂಬಂಥ ಸೂಚನೆಯೋ, ಆ ಸೂಚನೆ ನೋಡಿ ಮಗು ಕೆಳಗೆ ಮತ್ತೆ ಬರೆದಿದೆಯೋ. ಮಗು ಮತ್ತೆ ಬರೆದ ಆ ಒಂದು ಸಾಲು ಕಂಡರೆ ಅಲ್ಲಿ ಕಲಿಸುವ ಕೆಲಸ ನಡೆಯುತ್ತಿದೆ ಎಂದರ್ಥ.

ಕಳೆದ ಜೂನ್‌ನಲ್ಲಿ ಎಷ್ಟು ಟೀಚರ್‌ಗಳು ಬಿಟ್ಟು ಹೋದರು ಎಂದೂ ಕೇಳಬೇಕು. ಇಂಥ ಶಾಲೆಗಳಲ್ಲಿ ಟೀಚರ್‌ಗಳ ಮೊದಲ ಒಪ್ಪಂದ ಸಾಮಾನ್ಯವಾಗಿ ಎರಡು ವರ್ಷದ್ದು, ಆದ್ದರಿಂದ ಒಂದಷ್ಟು ಜನ ಹೋಗುವುದು ಸಹಜ. ಮೊದಲ ಒಪ್ಪಂದ ಮುಗಿದ ಮೇಲೂ ಉಳಿದವರು ಎಷ್ಟು ಎಂಬುದು ಶಾಲೆಯ ಒಳಗಿನ ಆರೋಗ್ಯ ಹೇಳುತ್ತದೆ. ಪ್ರಿನ್ಸಿಪಾಲರು ಐದು ವರ್ಷದಲ್ಲಿ ಮೂರು ಸಲ ಬದಲಾಗಿದ್ದರೆ ಕಾರಣ ತಿಳಿಯದೆ ಮುಂದುವರಿಯಬೇಡಿ. ಹೊಸ ಮಗು ಬಂದ ಮೊದಲ ವಾರ ಜೊತೆಗಿರಲು ಸಹಪಾಠಿಯನ್ನು ಗೊತ್ತು ಮಾಡುತ್ತಾರೆಯೇ, ವರ್ಷದ ನಡುವೆ ಹೊರಟುಹೋಗುವ ಮಕ್ಕಳಿಗೆ ಏನು ಮಾಡುತ್ತಾರೆ ಎಂದೂ ವಿಚಾರಿಸಿ. ಸ್ನೇಹಿತರು ಬಂದು ಹೋಗುತ್ತಲೇ ಇರುವ ಜಾಗದಲ್ಲಿ ಬೀಳ್ಕೊಡುವುದನ್ನು ಗಂಭೀರವಾಗಿ ತೆಗೆದುಕೊಳ್ಳುವ ಶಾಲೆ ಮಕ್ಕಳ ಮನಸ್ಸನ್ನು ಬಲ್ಲದು.

ಫೀಸಿನ ಪೂರ್ತಿ ಲೆಕ್ಕ

ವೆಬ್‌ಸೈಟ್‌ನ ಬೋಧನಾ ಶುಲ್ಕ ಪೂರ್ತಿ ಖರ್ಚಲ್ಲ. ಲೆಕ್ಕದ ರೀತಿ ತಿಳಿಯಲೆಂದು ಬೋಧನಾ ಶುಲ್ಕವನ್ನು 100 ಎಂದು ಇಟ್ಟುಕೊಳ್ಳಿ. ಅರ್ಜಿಗೆ 1, ಕಟ್ಟಡ ನಿಧಿ ಅಥವಾ ಕ್ಯಾಪಿಟಲ್ ಲೆವಿ 12, ಇಎಎಲ್ 10, ಬಸ್ಸು 8, ಊಟ 5, ಸಮವಸ್ತ್ರ, ಲ್ಯಾಪ್‌ಟಾಪ್, ಪ್ರವಾಸ ಸೇರಿ 6 ಎಂದಾದರೆ ಮೊದಲ ವರ್ಷ 142 ಆಯಿತು. ಅಂಕಿಗಳು ಶಾಲೆಯಿಂದ ಶಾಲೆಗೆ ಬದಲಾಗುತ್ತವೆ, ತಲೆಬರಹಗಳು ಬಹುತೇಕ ಇವೇ. ಮಗನಿಗೆ ಇಯರ್ 11ರಲ್ಲಿ ಪರೀಕ್ಷಾ ಶುಲ್ಕ ವಿಷಯವಾರು ಬೇರೆ. ಯಾವುದು ಒಂದೇ ಸಲ, ಯಾವುದು ಪ್ರತಿ ವರ್ಷ, ಯಾವುದು ವಾಪಸು ಸಿಗುತ್ತದೆ ಎಂದು ಪ್ರತಿ ಸಾಲಿನ ಮುಂದೆ ಶಾಲೆಯಿಂದಲೇ ಬರೆಸಿಕೊಳ್ಳಿ. ಹಾಂಗ್‌ಕಾಂಗ್‌ನಂಥ ಕಡೆ ಡಿಬೆಂಚರ್ ಎಂಬ ದೊಡ್ಡ ಮೊತ್ತ ಕಟ್ಟಿಸಿಕೊಳ್ಳುವ ಶಾಲೆಗಳಿವೆ. ಅದು ಕಂಪನಿಯ ಹೆಸರಿನಲ್ಲಿದ್ದರೆ ಕೆಲಸ ಬಿಟ್ಟ ದಿನ ಮಗುವಿನ ಸೀಟಿನ ಗತಿ ಏನು ಎಂಬುದಕ್ಕೆ ಮೊದಲೇ ಉತ್ತರ ಇರಬೇಕು.

ಕಂಪನಿ ಫೀಸು ಕೊಡುತ್ತದೆ ಎಂದ ಮಾತ್ರಕ್ಕೆ ನಿರಾಳರಾಗಬೇಡಿ. ಬೋಧನಾ ಶುಲ್ಕಕ್ಕೆ ಮಾತ್ರವೋ ಮೇಲಿನ 42ಕ್ಕೂ ಸೇರಿಯೋ? ಪ್ರತಿ ಮಗುವಿಗೆ ಮಿತಿ ಇದ್ದರೆ ಯಾವ ದೇಶದ ಹಣದಲ್ಲಿ, ಫೀಸು ಏರಿದಂತೆ ಆ ಮಿತಿಯೂ ಏರುತ್ತದೆಯೇ? ಹಲವು ದೇಶಗಳಲ್ಲಿ ಕಂಪನಿ ಕಟ್ಟಿದ ಶಾಲಾ ಫೀಸನ್ನು ನಿಮ್ಮ ಆದಾಯವೆಂದೇ ಎಣಿಸಿ ತೆರಿಗೆ ಹಾಕುತ್ತಾರೆ. ಆ ತೆರಿಗೆಯನ್ನು ಹೊರುವವರು ಯಾರು ಎಂಬುದು ಒಪ್ಪಂದದಲ್ಲಿರಬೇಕು. ಶಾಲೆಯ ಒಪ್ಪಂದದಲ್ಲಿ ನೋಡಬೇಕಾದ್ದು ನೋಟಿಸ್ ಅವಧಿ. ಬಿಡುವುದಾದರೆ ಒಂದು ಪೂರ್ತಿ ಟರ್ಮ್ ಮೊದಲು ತಿಳಿಸಬೇಕು, ಇಲ್ಲವಾದರೆ ಮುಂದಿನ ಟರ್ಮಿನ ಫೀಸು ಕಟ್ಟಬೇಕು ಎಂಬ ನಿಯಮ ಸಾಮಾನ್ಯ. ಕಂಪನಿ ನಿಮ್ಮನ್ನು ಮೂರೇ ವಾರದ ಸೂಚನೆಯ ಮೇಲೆ ಬೇರೆಡೆ ಕಳಿಸಬಹುದಾದರೆ ಆ ಹಣವನ್ನೂ ಕಂಪನಿಯೇ ಕಟ್ಟಬೇಕೆಂದು ಬರೆಸಿಕೊಳ್ಳಿ.

ಕಾಗದ ಪತ್ರ, ಸಮಯ, ಮನೆ

ಆಗಸ್ಟ್ ಪ್ರವೇಶಕ್ಕೆ ಒಂಬತ್ತರಿಂದ ಹನ್ನೆರಡು ತಿಂಗಳು ಮೊದಲು ಅರ್ಜಿ ಹಾಕುವುದು ಒಳ್ಳೆಯದು. ತಡವಾಗಿದ್ದರೂ ಎದೆಗುಂದಬೇಡಿ. ಇಂಥ ಶಾಲೆಗಳಿಂದ ಕುಟುಂಬಗಳು ಹೊರಡುವುದು ಹೆಚ್ಚಾಗಿ ಜೂನ್ ಮತ್ತು ಡಿಸೆಂಬರ್‌ನಲ್ಲಿ, ವೇಯ್ಟಿಂಗ್ ಲಿಸ್ಟ್ ಸರಿಯುವುದೂ ಆಗಲೇ. ಒಬ್ಬರಿಗೆ ಸೀಟು ಸಿಕ್ಕರೆ ಒಡಹುಟ್ಟಿದವರಿಗೆ ಆದ್ಯತೆ ಕೊಡುವ ಶಾಲೆಗಳು ಹಲವು. ಸಾಧ್ಯವಾದರೆ ಇಬ್ಬರನ್ನೂ ಒಂದೇ ಶಾಲೆಯಲ್ಲಿ ಇಡಿ, ಎರಡು ಶಾಲೆ ಎಂದರೆ ಎರಡು ರಜಾಪಟ್ಟಿ, ಎರಡು ಬಸ್ಸು. ಆದರೆ ಒಂದೇ ಶಾಲೆ ಬೇಕೆಂಬ ಹಟಕ್ಕೆ ಮಗನ ವಿಷಯಗಳನ್ನು ಬಲಿಕೊಡಬೇಡಿ.

ಕೇಳುವ ದಾಖಲೆಗಳು: ಪಾಸ್‌ಪೋರ್ಟ್, ಜನನ ಪ್ರಮಾಣಪತ್ರ, ಎರಡು ಮೂರು ವರ್ಷದ ರಿಪೋರ್ಟ್ ಕಾರ್ಡ್, ಟಿಸಿ, ತಾರೀಕಿನ ಸಮೇತ ಲಸಿಕೆಯ ದಾಖಲೆ, ಈಗಿನ ಟೀಚರ್ ನೇರವಾಗಿ ಹೊಸ ಶಾಲೆಗೆ ಕಳಿಸುವ ಗೋಪ್ಯ ಶಿಫಾರಸು ಪತ್ರ. ಹೆಚ್ಚು ತಡವಾಗುವುದು ಕೊನೆಯದೇ, ಶಾಲೆಗೆ ರಜೆ ಬಂದರೆ ಬರೆಯುವವರೇ ಸಿಗುವುದಿಲ್ಲ. ಕೆಲವು ದೇಶಗಳು ಟಿಸಿ ಮತ್ತು ಜನನ ಪ್ರಮಾಣಪತ್ರಕ್ಕೆ ಸರ್ಕಾರಿ ದೃಢೀಕರಣ ಕೇಳುತ್ತವೆ. 1961ರ ಹೇಗ್ ಒಪ್ಪಂದಕ್ಕೆ ಸೇರಿದ ದೇಶಕ್ಕೆ ಅಪೊಸ್ಟೀಲ್ ಮುದ್ರೆ ಸಾಕು, ಸೇರದ ದೇಶವಾದರೆ ಅದರ ರಾಯಭಾರ ಕಚೇರಿಯ ಅಟೆಸ್ಟೇಷನ್ ಬೇಕು. ಎರಡಕ್ಕೂ ವಾರಗಟ್ಟಲೆ ಹಿಡಿಯುತ್ತದೆ.

ಪ್ರವೇಶ ಪರೀಕ್ಷೆಗೆ ಕೋಚಿಂಗ್ ಬೇಡ. ಬ್ರಿಟಿಷ್ ಶಾಲೆಗಳಲ್ಲಿ ಸಾಮಾನ್ಯವಾದ ಕ್ಯಾಟ್4 ಪರೀಕ್ಷೆ ಪದ, ಸಂಖ್ಯೆ, ಆಕೃತಿ, ಸ್ಥಳಕಲ್ಪನೆ (ಸ್ಪೇಷಿಯಲ್) ಎಂಬ ನಾಲ್ಕು ಬಗೆಯ ತರ್ಕವನ್ನು ಬೇರೆ ಬೇರೆ ಅಳೆಯುತ್ತದೆ. ಇಂಗ್ಲಿಷ್ ಕಡಿಮೆ ಇದ್ದು ಸಂಖ್ಯೆ, ಆಕೃತಿಯಲ್ಲಿ ಚುರುಕಾಗಿರುವ ಮಗು ಅದರಲ್ಲಿ ಎದ್ದು ಕಾಣುತ್ತದೆ. ಮಗುವಿಗೆ ಕಲಿಕೆಯ ತೊಂದರೆ ಇದ್ದು ತಜ್ಞರ ವರದಿ ಇದ್ದರೆ ಬಚ್ಚಿಡಬೇಡಿ. ಮುಚ್ಚಿಟ್ಟದ್ದು ಆಮೇಲೆ ತಿಳಿದರೆ ಸೀಟು ರದ್ದು ಮಾಡಲು ಹಲವು ಶಾಲೆಗಳ ಒಪ್ಪಂದದಲ್ಲಿ ಅವಕಾಶವಿದೆ. ಅದಕ್ಕಿಂತ ಮುಖ್ಯವಾಗಿ, ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಸಿಗಬೇಕಾದರೆ ಆ ವರದಿಯೇ ಆಧಾರ.

ಮನೆ ಹಿಡಿಯುವುದು ಶಾಲೆ ಖಚಿತವಾದ ಮೇಲೆ. ಬಸ್ಸಿನ ಸಮಯ ಕೇಳುವಾಗ ದೂರ ಎಷ್ಟು ಎಂದು ಕೇಳಬೇಡಿ, ನಿಮ್ಮ ನಿಲ್ದಾಣದಲ್ಲಿ ಮಗು ಹತ್ತುವ ಸಮಯ ಮತ್ತು ಇಳಿಯುವ ಸಮಯ ಕೇಳಿ. ಆರು ವರ್ಷದ ಮಗುವಿಗೆ ಒಂದು ಕಡೆಗೆ 45 ನಿಮಿಷ ದಾಟಿದರೆ ಮನೆ ಬದಲಿಸಿ. ಶಾಲೆ ಶುರುವಾಗುವ ಎರಡು ಮೂರು ವಾರ ಮೊದಲು ಆ ಊರು ಸೇರಿಕೊಳ್ಳಿ. ಹೊರಡುವುದು ತಡವಾಗಿ ವರ್ಷದ ನಡುವೆ ಸೇರಿಸಬೇಕಾಗಿ ಬಂದರೆ ಮಗಳಿಗೆ ಜನವರಿ ಅಡ್ಡಿಯಿಲ್ಲ. ಮಗನಿಗೆ ಮೊದಲ ಟರ್ಮ್ ತಪ್ಪಿದರೆ, ಆ ಹೊತ್ತಿಗೆ ಮುಗಿದಿರುವ ಅಧ್ಯಾಯಗಳ ಪಟ್ಟಿಯನ್ನು ಪ್ರತಿ ವಿಷಯಕ್ಕೂ ತರಿಸಿಕೊಂಡು ಹೊರಡುವ ಮುಂಚೆಯೇ ಓದಿಸಿ.

ಕೊನೆಗೆ, ವಾಪಸು ಬರುವಾಗಿನ ಕೆಲಸ. ಕೇಂಬ್ರಿಡ್ಜ್‌ನ ಮೇ-ಜೂನ್ ಪರೀಕ್ಷೆಯ ಫಲಿತಾಂಶ ಬರುವುದು ಆಗಸ್ಟ್‌ನಲ್ಲಿ, ಐಬಿಯದ್ದು ಜುಲೈ ಮೊದಲ ವಾರ. ಕೇಂಬ್ರಿಡ್ಜ್‌ನ ಮೂಲ ಪ್ರಮಾಣಪತ್ರ ಶಾಲೆಯ ವಿಳಾಸಕ್ಕೆ ಬರುವುದು ಅದಕ್ಕೂ ಮೇಲೆ, ಅಷ್ಟು ಹೊತ್ತಿಗೆ ನೀವು ಆ ದೇಶದಲ್ಲೇ ಇರುವುದಿಲ್ಲ. ಹೊರಡುವ ಮುಂಚೆ ಪರೀಕ್ಷಾ ವಿಭಾಗದ ಅಧಿಕಾರಿಗೆ ಕಳಿಸಬೇಕಾದ ವಿಳಾಸ ಮತ್ತು ಕೊರಿಯರ್ ಹಣ ಕೊಟ್ಟು ರಸೀದಿ ಪಡೆಯಿರಿ. ಮಗನ ಟ್ರಾನ್ಸ್‌ಕ್ರಿಪ್ಟ್‌ನ ಮುದ್ರೆ ಹಾಕಿದ ಮೂರು ಪ್ರತಿ, ಪ್ರತಿ ವಿಷಯದ ಸಿಲಬಸ್ ಕೋಡ್, ಮುಗಿಸಿದ ಅಧ್ಯಾಯಗಳ ಪಟ್ಟಿ ಇವನ್ನು ಕೈಚೀಲದಲ್ಲೇ ತನ್ನಿ, ಹಡಗಿನಲ್ಲಿ ಬರುವ ಸಾಮಾನಿನ ಜೊತೆ ಹಾಕಬೇಡಿ.